ಫಿಜಿಗೆ ಹೋಗಿ ಬರೀ ಮರಳು ನೋಡಿ ಬರುವುದೇ?

ಫಿಜಿ ದೇಶಕ್ಕೆ ಕರೆದೊಯ್ಯುವ ಟ್ರಾವೆಲ್ಸ್‌ನವರು ಕೊಡುವ ಬಣ್ಣದ ಕಾಗದಗಳನ್ನು ಈಚೆಗೆ ನಾಲ್ಕೈದು ಕಡೆಯಿಂದ ತರಿಸಿ ಓದಿದೆ. ಹೆಸರು ಬೇರೆ, ದರ ಬೇರೆ. ಉಳಿದದ್ದೆಲ್ಲ ಒಂದೇ ಎರಕ. ನೀರಿನ ಮೇಲೆ ಬಾಗಿದ ಒಂದು ತೆಂಗಿನಮರ, ಅದಕ್ಕೆ ಕಟ್ಟಿದ ಉಯ್ಯಾಲೆ, ಕೈಕೈ ಹಿಡಿದ ಗಂಡಹೆಂಡತಿ, ಹಿಂದೆ ಮುಳುಗುವ ಸೂರ್ಯ. ಆರು ರಾತ್ರಿ, ಏಳು ಹಗಲು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಹೋಗಲು ಒಳ್ಳೆಯ ಕಾಲ ಮೇನಿಂದ ಅಕ್ಟೋಬರ್‌ವರೆಗೆ, ಒಣ ಋತು. ಆ ಕಾಗದಗಳನ್ನು ಹಿಂದೆಮುಂದೆ ತಿರುಗಿಸಿ ನೋಡಿದರೂ ಆ ದೇಶದಲ್ಲಿ ಜನ ವಾಸ ಮಾಡುತ್ತಾರೆ ಎಂಬ ಸುಳಿವೇ ಸಿಗುವುದಿಲ್ಲ. ಇದ್ದರೆ, ಕಿವಿಗೆ ಹೂ ಸಿಕ್ಕಿಸಿಕೊಂಡು ತಟ್ಟೆ ಹಿಡಿದು ನಗುವವರು ಮಾತ್ರ.

ನನ್ನ ಜಗಳ ಇರುವುದು ಈ ಕಾಗದದ ಜೊತೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ನಂಬಿ ಜೀವಮಾನದ ಉಳಿತಾಯ ಒಯ್ದು ಆ ಮರಳಿನ ಮೇಲೆ ಸುರಿದು ಬರುವ ನಮ್ಮ ಜೊತೆ. ಸಮುದ್ರ ನೋಡಬಾರದು, ಮರಳಿನ ಮೇಲೆ ಕೂರಬಾರದು ಎಂದು ನಾನು ಹೇಳುತ್ತಿಲ್ಲ. ವರ್ಷವಿಡೀ ಮನೆ, ಶಾಲೆ, ಬ್ಯಾಂಕು ಎಂದು ಸುತ್ತಿದ ಹೆಂಗಸಿಗೆ ಎರಡು ದಿನ ಕಾಲು ನೀಡಿ ಕೂರುವ ಹಕ್ಕಿದೆ. ಆದರೆ ಕೂರುವುದಕ್ಕೆ ಮಲ್ಪೆ ಇದೆ, ಗೋಕರ್ಣ ಇದೆ. ಎರಡು ವಿಮಾನ ಬದಲಿಸಿ, ನಮಗಿಂತ ಆರೂವರೆ ಗಂಟೆ ಮುಂದಿರುವ ಊರಿಗೆ ಹೋಗಿ, ನಾವಿಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಅಲ್ಲಿ ದೀಪ ಹಚ್ಚುವ ಹೊತ್ತಾಗಿರುವಷ್ಟು ದೂರ ಹೋಗಿ, ಕೂತು ಬರುವುದೇ? ಅದೂ ಫಿಜಿಯಂಥ ದೇಶಕ್ಕೆ?

ಮೊದಲು ಈ ‘ಒಳ್ಳೆಯ ಕಾಲ’ದ ವಿಚಾರ ತೆಗೆದುಕೊಳ್ಳೋಣ. ಯೋಜನೆ ಹಾಕುವಾಗ ಎಲ್ಲರೂ ಕೈಹಿಡಿಯುವುದು ಇದನ್ನೇ. ನಮ್ಮ ಮನಸ್ಸಿನಲ್ಲಿ ಮಳೆ ಇಲ್ಲದ ಕಾಲವೆಂದರೆ ಬೇಸಿಗೆ. ಬೇಸಿಗೆ ಎಂದರೆ ಸೆಕೆ, ಧೂಳು, ಒಣಗಿದ ಕೆರೆ. ಫಿಜಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಒಣ ಋತುವೇ ಚಳಿಗಾಲ. ಚಳಿಗಾಲವೆಂದರೂ ಕಂಬಳಿ ಹೊದೆಯುವಂಥದ್ದಲ್ಲ. ರಾತ್ರಿ 20 ಡಿಗ್ರಿಯ ಆಸುಪಾಸು, ಹಗಲು ಬೆವರು ಬಾರದ ಬಿಸಿಲು, ಆಗ್ನೇಯದಿಂದ ಸದಾ ಬೀಸುವ ಗಾಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಚಂಡಮಾರುತದ ಕಾಲ. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಎಂಬ ಚಂಡಮಾರುತ ಬಡಿದಾಗ 44 ಜನ ಸತ್ತರು, ಊರಿಗೆ ಊರೇ ಸೂರಿಲ್ಲದೆ ನಿಂತಿತು. ಆದ್ದರಿಂದ ಮೇನಿಂದ ಅಕ್ಟೋಬರ್‌ ಒಳಗೆ ಹೋಗಿ ಎನ್ನುವ ಮಾತು ಸರಿಯೇ.

ಅರ್ಧ ಸರಿ. ದೇಶಕ್ಕೆಲ್ಲ ಒಂದೇ ಒಣ ಋತು ಎಂಬಂತೆ ಬರೆಯುತ್ತಾರಲ್ಲ, ಅದು ಸುಳ್ಳು. ಮುನ್ನೂರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ದೊಡ್ಡದು ವೀಟಿ ಲೇವು. ಅದರ ನಡುವೆ ಬೆಟ್ಟಸಾಲು. ಆಗ್ನೇಯದ ಗಾಳಿ ತಂದ ಮೋಡವೆಲ್ಲ ಪೂರ್ವದ ಮಗ್ಗುಲಲ್ಲಿ ಸುರಿದು ಹೋಗುತ್ತದೆ. ರಾಜಧಾನಿ ಸುವಾ ಇರುವುದು ಆ ಮಗ್ಗುಲಲ್ಲಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜುಲೈಯಲ್ಲೂ ಕೊಡೆ ಬೇಕು. ಬೆಟ್ಟದ ಆಚೆ, ಪಶ್ಚಿಮದಲ್ಲಿ, ವಿಮಾನ ಇಳಿಯುವ ನಾಂದಿ, ಸಕ್ಕರೆ ಊರಾದ ಲೌಟೋಕ. ಆ ಕಡೆ ಈ ತಿಂಗಳುಗಳಲ್ಲಿ ಮಳೆ ಸುವಾದ ಅರ್ಧವೂ ಇರದು. ಘಟ್ಟದ ಆಚೆ ಆಗುಂಬೆ, ಈಚೆ ಬಯಲುಸೀಮೆ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ನಕಾಶೆ ಬಿಡಿಸಿ, ಬೆಟ್ಟ ಎಲ್ಲಿದೆ, ಗಾಳಿ ಎತ್ತಣಿಂದ ಎಂದು ಐದನೆಯ ತರಗತಿಯ ಮಗುವನ್ನು ಕೇಳಿದರೂ ಹೇಳುತ್ತದೆ. ಅಂದಹಾಗೆ, ಆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಂತೆ ‘ನಾಡಿ’ ಎಂದು ಓದಬಾರದು. ಅವರ ಲಿಪಿಯಲ್ಲಿ ಆ ‘ಡಿ’ ಹಿಂದೆ ಒಂದು ಅನುಸ್ವಾರ ಅಡಗಿದೆ. ಶುಭಕಾರ್ಯದ ಹಿಂದಿನ ದಿನ ಇಡುತ್ತೇವಲ್ಲ, ಆ ನಾಂದಿಯ ಹಾಗೆಯೇ ಹೇಳಬೇಕು. ‘ಲಬಾಸ’ ಎಂದು ಬರೆದದ್ದು ಲಂಬಾಸ. ಇಷ್ಟನ್ನಾದರೂ ಕಲಿತು ಹೋಗುವುದು ಅತಿಥಿಯಾದವಳಿಗೆ ಲಕ್ಷಣ.

ಈಗ ಆ ಪಶ್ಚಿಮದ ಒಣಹವೆಗೆ ಬನ್ನಿ. ಬಣ್ಣದ ಕಾಗದದ ಹೋಟೆಲುಗಳಲ್ಲಿ ಹೆಚ್ಚಿನವು ಅಲ್ಲಿ, ಮತ್ತು ಅಲ್ಲಿಂದ ದೋಣಿಯಲ್ಲಿ ಹೋಗುವ ಮಾಮನುಥ, ಯಸಾವ ದ್ವೀಪಗಳಲ್ಲಿವೆ. ಯಾಕೆ? ಮೋಡವಿಲ್ಲದ ಆಕಾಶ. ಸರಿ. ಫಿಜಿಯ ಕಬ್ಬಿನ ಗದ್ದೆಗಳು ಎಲ್ಲಿವೆ? ಅದೇ ಪಶ್ಚಿಮದಲ್ಲಿ, ಮತ್ತು ಎರಡನೆಯ ದೊಡ್ಡ ದ್ವೀಪವಾದ ವನುವಾ ಲೇವುವಿನ ಒಣ ಮಗ್ಗುಲಾದ ಲಂಬಾಸದ ಸುತ್ತ. ಯಾಕೆ? ಅದೇ ಕಾರಣ. ಬೆಳೆಯುವಾಗ ನೀರು ಕುಡಿದ ಕಬ್ಬಿಗೆ ಕೊನೆಯಲ್ಲಿ ಒಣ ತಂಪು ತಿಂಗಳು ಬೇಕು, ಆಗಲೇ ರಸದಲ್ಲಿ ಸಿಹಿ ಕೂಡುವುದು. ಮಂಡ್ಯದವರನ್ನು ಕೇಳಿ, ಹೇಳುತ್ತಾರೆ. ಮಳೆಯ ಪೂರ್ವದಲ್ಲಿ, ನೌಸೋರಿಯಲ್ಲಿ, ಕಂಪನಿ 1880ರ ದಶಕದಲ್ಲಿ ಕಾರ್ಖಾನೆ ಹಾಕಿತ್ತು. ಅದು 1959ರಲ್ಲಿ ಮುಚ್ಚಿತು. ಲೌಟೋಕದ್ದು 1903ರಲ್ಲಿ ಶುರುವಾದದ್ದು, ಈಗಲೂ ನಿಂತಿದೆ. ಕಬ್ಬು ಅರೆಯುವ ಕಾಲ ಜೂನ್‌ನಿಂದ ನವೆಂಬರ್, ಕೆಲವು ವರ್ಷ ಡಿಸೆಂಬರ್‌ವರೆಗೆ. ಎಂದರೆ ನಮ್ಮ ಪ್ರವಾಸಿಯ ಉಯ್ಯಾಲೆಯ ಕಾಲವೂ ಅಲ್ಲಿಯ ಕೂಲಿಯ ಕತ್ತಿಯ ಕಾಲವೂ ಒಂದೇ. ಬಿಸಿಲು ಒಂದೇ. ಒಬ್ಬರಿಗೆ ಆ ಬಿಸಿಲಲ್ಲಿ ಮೈ ಕಾಯಿಸುವ ಬಿಡುವು, ಇನ್ನೊಬ್ಬರಿಗೆ ಅದರಲ್ಲೇ ಸೊಂಟ ಬಾಗಿಸುವ ದುಡಿಮೆ. ಕಾಗದದಲ್ಲಿ ಮೊದಲನೆಯದನ್ನು ಮಾತ್ರ ಅಚ್ಚು ಹಾಕಿದ್ದಾರೆ.

ಆ ಗದ್ದೆಯಲ್ಲಿ ಮೊದಲು ಸೊಂಟ ಬಾಗಿಸಿದವರು ಯಾರು ಎಂಬುದನ್ನು ಹೇಳಲೇಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜಾಗ ಕಡಿಮೆ. 1874ರಲ್ಲಿ ಫಿಜಿ ಬ್ರಿಟಿಷರ ಕೈಗೆ ಬಂತು. ಮರುವರ್ಷವೇ ದಡಾರ ಬಂದು ಸುಮಾರು 40 ಸಾವಿರ ಮೂಲನಿವಾಸಿಗಳು ಸತ್ತರು. ಉಳಿದವರನ್ನು ಅವರ ಹಳ್ಳಿಗಳಿಂದ ಕಿತ್ತು ತೋಟದ ಕೂಲಿಗೆ ಹಾಕಬಾರದೆಂದು ಗವರ್ನರ್ ಆರ್ಥರ್ ಗಾರ್ಡನ್ ತೀರ್ಮಾನಿಸಿದ. ಒಳ್ಳೆಯದೇ. ಆದರೆ ಕೂಲಿ ಯಾರಾದರೂ ಮಾಡಬೇಕಲ್ಲ, ಅದಕ್ಕೆ ನಮ್ಮವರನ್ನು ಹೊತ್ತು ತಂದರು. 1879ರ ಮೇ 14ರಂದು, ಒಣ ಋತುವಿನ ಆರಂಭದಲ್ಲಿ ನೋಡಿ, ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತೆಯಿಂದ ಬಂದು ಲೆವುಕಾ ಊರಿನೆದುರು ನಿಂತಿತು. ಹಡಗಿನೊಳಗೆ ಕಾಲರಾ, ಸಿಡುಬು. ಜನರನ್ನು ಊರಿಗೆ ಬಿಡದೆ ಯನುಥ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ಇರಿಸಿದರು. ಅಲ್ಲಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೀಗೆ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ಐದು ವರ್ಷದ ಕರಾರು. ‘ಅಗ್ರಿಮೆಂಟ್’ ಎಂಬ ಮಾತು ಅವರ ನಾಲಿಗೆಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. ಹುಬ್ಬಳ್ಳಿಯ ಓದುಗರು ನಗಬೇಡಿ, ಇದು ಮಂಡಕ್ಕಿಯ ಗಿರ್ಮಿಟ್ ಅಲ್ಲ.

ಕರಾರಿನಲ್ಲಿ ಏನಿತ್ತು? ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಐದು ಗಂಟೆ ದುಡಿಮೆ. ಕೊಟ್ಟ ಪಾಲು ಮುಗಿಸಿದರೆ ಗಂಡಿಗೆ ಒಂದು ಶಿಲಿಂಗ್, ಹೆಣ್ಣಿಗೆ ಒಂಬತ್ತು ಪೆನ್ನಿ. ಒಂದು ಶಿಲಿಂಗಿಗೆ ಹನ್ನೆರಡು ಪೆನ್ನಿ ಎಂದು ಲೆಕ್ಕ ಹಾಕಿಕೊಳ್ಳಿ. ‘ಲೈನು’ ಎಂಬ ಉದ್ದನೆಯ ಕೊಟ್ಟಿಗೆಯಂಥ ಮನೆಗಳು. ಒಂದೊಂದು ಕೋಣೆ ಹತ್ತಡಿ ಉದ್ದ, ಏಳಡಿ ಅಗಲ. ಅದರಲ್ಲಿ ಮೂವರು ಗಂಡಸರು, ಇಲ್ಲವೇ ಗಂಡ ಹೆಂಡತಿ ಮಕ್ಕಳು. ಒಲೆಯೂ ಅಲ್ಲೇ, ಕತ್ತಿಯೂ ಅಲ್ಲೇ, ಬಾಣಂತಿಯೂ ಅಲ್ಲೇ. ನಮ್ಮ ಮನೆಗಳ ದೇವರಕೋಣೆಯೂ ಅಡುಗೆಮನೆಯ ಉಗ್ರಾಣವೂ ಸೇರಿದರೆ ಅದಕ್ಕಿಂತ ದೊಡ್ಡದು. ಅಲ್ಲಿಯವರೇ ಅದನ್ನು ನರಕ ಎಂದು ಕರೆದರು.

ಹೆಂಗಸರ ಲೆಕ್ಕ ಇನ್ನೂ ವಿಚಿತ್ರ. ನೂರು ಗಂಡಸರಿಗೆ ನಲವತ್ತು ಹೆಂಗಸರು ಹಡಗಿನಲ್ಲಿ ಇರಲೇಬೇಕು ಎಂದು ಸರ್ಕಾರದ ನಿಯಮ. ನಲವತ್ತು ತುಂಬದಿದ್ದರೆ ಹಡಗು ಹೊರಡುವಂತಿಲ್ಲ. ಹೀಗಾಗಿ ಅರ್ಕಾಟಿಗಳು ಎಂಬ ದಲ್ಲಾಳಿಗಳು ಜಾತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ, ತೀರ್ಥಕ್ಷೇತ್ರದಲ್ಲಿ ಒಂಟಿ ಹೆಂಗಸರನ್ನು ಹುಡುಕುತ್ತಿದ್ದರು. ವಿಧವೆ, ಗಂಡ ಬಿಟ್ಟವಳು, ಅತ್ತೆಯ ಮನೆಯಿಂದ ಓಡಿಬಂದವಳು, ಬರಗಾಲಕ್ಕೆ ಊರು ಬಿಟ್ಟವಳು. ಇವರ ಬಗ್ಗೆ ಗೋರಾ ಅಧಿಕಾರಿಗಳು ಬರೆದದ್ದು ಒಂದೇ ಮಾತು: ನಡತೆಗೆಟ್ಟವರು. ಲೈನುಗಳಲ್ಲಿ ಕೊಲೆ ನಡೆದರೆ, ಯಾರಾದರೂ ಉರುಳು ಹಾಕಿಕೊಂಡರೆ, ಕಾರಣ ಹೆಣ್ಣು ಎಂದರು. ಒಂಬತ್ತು ಗಂಟೆಯ ದುಡಿಮೆ ಕಾರಣವಲ್ಲ, ಚಾಟಿ ಕಾರಣವಲ್ಲ, ಹತ್ತು ಏಳಡಿಯ ಕೋಣೆ ಕಾರಣವಲ್ಲ. ಫಿಜಿಯಲ್ಲೇ ಹುಟ್ಟಿದ ಗಿರ್ಮಿಟಿಯಾ ಮೊಮ್ಮಗ, ಇತಿಹಾಸಕಾರ ಬ್ರಿಜ್ ಲಾಲ್ ಹಳೆಯ ದಾಖಲೆಗಳನ್ನು ಕೂತು ಎಣಿಸಿ ಈ ಮಾತನ್ನು ಒಪ್ಪದೆ ಬರೆದರು. ಉತ್ತರ ಭಾರತದಿಂದ ಹೋದ ಹೆಂಗಸರಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಜನ ಗಂಡನಿಲ್ಲದೆ, ಮನೆಯವರಿಲ್ಲದೆ ಹೊರಟವರು ಎಂಬುದೂ ಅವರ ಎಣಿಕೆಯಿಂದ ತಿಳಿಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ನಾಲ್ವರು ಉಪಾಧ್ಯಾಯಿನಿಯರು ಫಿಜಿಗೆ ಹೋಗುವುದೆಂದು ಮಾತಾಡಿ ಟ್ರಾವೆಲ್ಸ್ ಕಚೇರಿಗೆ ಹೋದಾಗ ಅಲ್ಲಿಯ ಹುಡುಗ, ನನ್ನ ವಿದ್ಯಾರ್ಥಿಯ ವಯಸ್ಸಿನವನು, ವಿನಯದಿಂದಲೇ ಕೇಳಿದ: “ಯಜಮಾನರು ಬರಲ್ವಾ ಮೇಡಂ?” ಬರುವುದಿಲ್ಲ ಎಂದೆವು. “ಹಾಗಾದ್ರೆ ಫಿಜಿ ಯಾಕೆ ಮೇಡಂ? ಅದು ಕಪಲ್ಸ್‌ಗೆ. ನಿಮ್ಮಂಥವರಿಗೆ ಕಾಶಿ, ಗಯಾ, ಅಯೋಧ್ಯೆ ಮಾಡಿಸ್ತೀನಿ, ಬ್ರಾಹ್ಮಣ ಅಡುಗೆಯವ್ರು ಜೊತೇಲೇ ಬರ್ತಾರೆ” ಎಂದ. ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನ ಕಂಪ್ಯೂಟರಿನಲ್ಲಿ ಇರುವುದೇ ಅಷ್ಟು. ಆದರೆ ನನಗೆ ಆಗ ತೋಚಿದ್ದು ಇದು: ನೂರನಲವತ್ತು ವರ್ಷದ ಹಿಂದೆ, ಓದು ಬಾರದ, ಕೈಯಲ್ಲಿ ಕಾಸಿಲ್ಲದ ಹೆಂಗಸರು ಆ ದೇಶಕ್ಕೆ ಯಜಮಾನರಿಲ್ಲದೆಯೇ ಹೋದರು. ಎಲ್ಲಿಗೆಂದು ಗೊತ್ತಿಲ್ಲದೆ, ಮೋಸಕ್ಕೆ ಸಿಕ್ಕಿ, ಕೆಲವರು ಇಲ್ಲಿಯದಕ್ಕಿಂತ ಅಲ್ಲಿಯದೇ ಮೇಲಿರಬಹುದೆಂದು ತಿಳಿದೇ ಹೋದರು. ಇಂದು ಬಿ.ಎ., ಬಿ.ಎಡ್. ಮಾಡಿ, ಸ್ವಂತ ಸಂಬಳದಿಂದ ಟಿಕೆಟ್ ತೆಗೆಯುವವಳಿಗೆ ಯಜಮಾನರು ಬೇಕಂತೆ. ಅದೂ ಫಿಜಿಗೆ!

ಆ ಹೆಂಗಸರಲ್ಲಿ ಇಬ್ಬರ ಹೆಸರು ಉಳಿದಿದೆ. ಕುಂತಿ ಮತ್ತು ನಾರಾಯಣಿ. 1912ರಲ್ಲಿ ರೇವಾ ನದಿಯ ಕಡೆಯ ತೋಟದಲ್ಲಿ ಇಪ್ಪತ್ತು ವರ್ಷದ ಕುಂತಿಯನ್ನು ಬಾಳೆತೋಟದ ಕಳೆ ಕೀಳಲು ಒಬ್ಬಳನ್ನೇ ಕಳಿಸಿದರು. ಕೂಗಿದರೆ ಕೇಳದ ಜಾಗ. ಓವರ್‌ಸಿಯರ್ ಬಂದು ಕೈ ಹಿಡಿದ. ಬಿಡಿಸಿಕೊಂಡು ಓಡಿ ಹೊಳೆಗೆ ಹಾರಿದಳು. ಅಲ್ಲಿಯೇ ದೋಣಿಯಲ್ಲಿದ್ದ ಒಬ್ಬ ಹುಡುಗ ಎತ್ತಿದ. ಸುಮ್ಮನಿರು ಎಂದವರ ಮಾತು ಕೇಳದೆ ತನ್ನ ಕಥೆಯನ್ನು ಹೇಳಿ ಬರೆಸಿದಳು. ಅದು ಕಲ್ಕತ್ತೆಯ ಭಾರತ್ ಮಿತ್ರ ಪತ್ರಿಕೆಯಲ್ಲಿ ಅಚ್ಚಾಗಿ ದೇಶವೇ ಕೆರಳಿತು. ನಾರಾಯಣಿಯದು ನಾಂದಿ ಕಡೆಯ ಸಂಗತಿ. ಹುಟ್ಟಿದ ಕೂಸು ಸತ್ತಿತ್ತು. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಕೆಲಸಕ್ಕೆ ಬಾ ಎಂದರು. ಆಗುವುದಿಲ್ಲ ಎಂದದ್ದಕ್ಕೆ ಓವರ್‌ಸಿಯರ್ ಹೊಡೆದ. ನ್ಯಾಯಾಲಯ ಅವನನ್ನು ಬಿಟ್ಟುಬಿಟ್ಟಿತು, ಅವಳ ಬುದ್ಧಿ ಕಲಕಿಹೋಯಿತು. ಈ ಸಂಗತಿಯನ್ನು 21 ವರ್ಷ ಫಿಜಿಯಲ್ಲಿದ್ದು ಬಂದ ತೋತಾರಾಮ್ ಸನಾಢ್ಯರು 1914ರಲ್ಲಿ ಹಿಂದಿಯಲ್ಲಿ ಪುಸ್ತಕ ಮಾಡಿ ಹೇಳಿದರು. ಸಿ.ಎಫ್. ಆಂಡ್ರೂಸ್ 1915ರಲ್ಲಿ ಹೋಗಿ ನೋಡಿ ಬಂದು ವರದಿ ಬರೆದರು. 1917ರಲ್ಲಿ ಸರೋಜಿನಿ ನಾಯಿಡು ಅಲಹಾಬಾದಿನಲ್ಲಿ ಭಾಷಣ ಮಾಡಿದರು. ಹಡಗುಗಳು ನಿಂತವು. 1920ರ ಜನವರಿ 1ಕ್ಕೆ ಉಳಿದ ಕರಾರುಗಳೂ ರದ್ದಾದವು.

ಇದರಲ್ಲೂ ನನಗೊಂದು ತಕರಾರಿದೆ. ಆಗಿನ ನಮ್ಮ ನಾಯಕರು ಭಾಷಣದಲ್ಲಿ ಹೇಳಿದ್ದು ಭಾರತೀಯ ನಾರಿಯ ಮಾನ ಎಂದು. ಕುಂತಿಯ ಮಾನ ದೇಶದ ಮಾನವಾಯಿತು. ಆದರೆ ಕುಂತಿಗೆ ಕೂಲಿ ಒಂಬತ್ತೇ ಪೆನ್ನಿ ಯಾಕೆ, ಅವಳ ಪಾಲಿನ ಕೆಲಸ ಯಾರು ಅಳೆದರು, ಎಂದು ಕೇಳಿದ ಭಾಷಣ ನನ್ನ ಕಣ್ಣಿಗೆ ಬಿದ್ದಿಲ್ಲ. ಹೆಣ್ಣಿನ ಮಾನಕ್ಕೆ ಎದೆ ಬಡಿದುಕೊಳ್ಳುವವರು ಹೆಣ್ಣಿನ ಬೆನ್ನನ್ನು ನೋಡುವುದಿಲ್ಲ. ಇಂದಿಗೂ ಅಷ್ಟೇ. ನಮ್ಮ ರಾಜ್ಯದಲ್ಲಿ ಕಬ್ಬು ಕಡಿಯಲು ಊರು ಬಿಟ್ಟು ಬರುವ ಜೋಡಿಗಳಲ್ಲಿ ಹೆಂಡತಿ ಕಡಿದು, ಸಿಪ್ಪೆ ಹೆರೆದು, ಹೊರೆ ಕಟ್ಟಿ, ಸಂಜೆ ಗುಡಿಸಲಿನಲ್ಲಿ ಒಲೆಯನ್ನೂ ಹಚ್ಚುತ್ತಾಳೆ. ಅವಳ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ನಿಲ್ಲುವುದಿಲ್ಲ. ಜೂನ್‌ನಲ್ಲಿ ಹೆಸರು ಬರೆದು ದೀಪಾವಳಿ ಕಳೆಯುತ್ತಲೇ ಕೆಂಪು ಗೆರೆ ಎಳೆಯುವ ಕೈ ನಮ್ಮದು, ಆದ್ದರಿಂದ ಗೊತ್ತು.

“ರಜೆಗೆ ಹೋಗುವುದು ಮನಸ್ಸು ಹಗುರ ಮಾಡಿಕೊಳ್ಳಲು, ಅಳಲಿಕ್ಕಲ್ಲ” ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಹೇಳಿದರು. ಇದು ಬಲವಾದ ಮಾತು, ತಳ್ಳಿಹಾಕಲಾರೆ. ಆದರೆ ಯಾರು ಅಳಬೇಕೆಂದರು? ಹಂಪಿಗೆ ಹೋಗಿ ಬಿದ್ದ ಊರನ್ನು ನೋಡುತ್ತೇವೆ, ಅಳುತ್ತೇವೆಯೇ? ಬುತ್ತಿ ಬಿಚ್ಚಿ ಮೊಸರನ್ನ ತಿಂದು, ಫೋಟೋ ತೆಗೆಸಿಕೊಂಡು, ಆದರೂ ಏನೋ ಒಂದನ್ನು ಒಳಗೆ ಹಾಕಿಕೊಂಡು ಬರುತ್ತೇವೆ. ಮೇಲಾಗಿ ಫಿಜಿಯ ಕಥೆ ಗೋಳಿನಲ್ಲಿ ಮುಗಿಯುವುದಿಲ್ಲ. ಹಡಗು ಹತ್ತಿದವರು ಇಳಿಯುವಷ್ಟರಲ್ಲಿ ಜಾತಿಯ ಮುಕ್ಕಾಲು ಸಮುದ್ರಕ್ಕೆ ಬಿದ್ದಿತ್ತು. ಒಂದೇ ಹಂಡೆಯ ಅನ್ನ, ಒಂದೇ ನೀರು. ಒಂದೇ ಹಡಗಿನಲ್ಲಿ ಬಂದವರು ಜಹಾಜಿ ಭಾಯಿ, ಜಹಾಜಿ ಬೆಹೆನ್ ಎಂದು ಸಾಯುವವರೆಗೆ ನಂಟರಾದರು. ಕರಾರು ಮುಗಿಸಿ ಗೇಣಿಗೆ ನೆಲ ಹಿಡಿದರು. ಶಾಲೆ ಕಟ್ಟಿದರು. ಹನ್ನಾ ಡಡ್ಲಿ ಎಂಬ ಆಸ್ಟ್ರೇಲಿಯಾದ ಮಿಷನರಿ ಹೆಂಗಸು 1897ರಲ್ಲಿ ಸುವಾಕ್ಕೆ ಬಂದು ತನ್ನ ಮನೆಯ ಜಗುಲಿಯಲ್ಲೇ ಗಿರ್ಮಿಟಿಯಾ ಮಕ್ಕಳಿಗೆ ಪಾಠ ಶುರುಮಾಡಿದಳು. ಅವಳನ್ನು ಮಾತಾಜಿ ಎಂದು ಕರೆದರು. ಅವಳ ಹೆಸರಿನ ಪ್ರೌಢಶಾಲೆ ಸುವಾದಲ್ಲಿದೆ. ದಕ್ಷಿಣದವರು 1926ರಲ್ಲಿ ಒಂದು ಸಂಗಮ ಕಟ್ಟಿ ಶಾಲೆ, ಗುಡಿಗಳನ್ನು ನಡೆಸಿಕೊಂಡು ಬಂದರು. ನಾಂದಿ ಪೇಟೆಬೀದಿಯ ಕೊನೆಯಲ್ಲಿ ನಿಂತ ಸುಬ್ರಹ್ಮಣ್ಯ ಸ್ವಾಮಿಯ ಗೋಪುರ ಅವರದೇ. ಸುವಾದ ಮಾರಿಯಮ್ಮನ ಗುಡಿಯಲ್ಲಿ ಜುಲೈ ಆಗಸ್ಟಿನಲ್ಲಿ, ಆ ಒಣ ತಿಂಗಳುಗಳಲ್ಲೇ, ಕೊಂಡ ಹಾಯುತ್ತಾರೆ. ಬೆಂಗ ದ್ವೀಪದ ಮೂಲನಿವಾಸಿಗಳು ಕಾದ ಕಲ್ಲಿನ ಮೇಲೆ ನಡೆಯುವುದು ಬೇರೆ. ಒಂದೇ ದೇಶದಲ್ಲಿ ಎರಡು ಬಗೆಯ ಬೆಂಕಿ.

ಇಷ್ಟು ಹೇಳಿದೊಡನೆ ಇನ್ನೊಂದು ಬಗೆಯ ಪ್ರವಾಸಿ ಎದ್ದು ನಿಲ್ಲುತ್ತಾರೆ. “ಹಾಗಾದರೆ ಫಿಜಿ ಎಂದರೆ ಪುಟ್ಟ ಭಾರತ!” ಈ ಮಾತು ಮರಳಿನ ಕಾಗದಕ್ಕಿಂತ ಕೆಟ್ಟದ್ದು. ಆ ದೇಶ ಯಾರ ಪುಟ್ಟ ಆವೃತ್ತಿಯೂ ಅಲ್ಲ. ನೆಲದಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಅಲ್ಲಿಯ ಮೂಲನಿವಾಸಿಗಳಾದ ಈತೌಕೆಯಿ ಜನರ ಕುಲಗಳದ್ದು. ಮಾರುವಂತಿಲ್ಲ, ಗೇಣಿಗೆ ಕೊಡಬಹುದು. ಕಬ್ಬಿನ ಗದ್ದೆ ಇರುವುದೂ ಹೆಚ್ಚಾಗಿ ಅಂಥ ಗೇಣಿಯ ನೆಲದಲ್ಲಿ. 30 ವರ್ಷದ ಗೇಣಿಗಳು 1997ರಿಂದ ಮುಗಿಯತೊಡಗಿದಾಗ ಎಷ್ಟೋ ಭಾರತೀಯ ಮೂಲದ ಸಂಸಾರಗಳು ಅಜ್ಜ ಉತ್ತ ಹೊಲ ಬಿಟ್ಟು ಪೇಟೆಯ ಅಂಚಿನ ಗುಡಿಸಲು ಸೇರಿದವು. 1987ರಲ್ಲಿ ಎರಡು ಸಲ, 2000ದಲ್ಲಿ, 2006ರಲ್ಲಿ ಸರ್ಕಾರ ಉರುಳಿಸಿದರು. 1987ರ ದಂಗೆಯನ್ನು ಮೇ 14ರಂದೇ ನಡೆಸಿದರು, ಲಿಯೊನಿಡಾಸ್ ಬಂದ ದಿನವೇ. ಓದಿದವರು, ಕೈಕೆಲಸ ಬಲ್ಲವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಹಿಡಿದರು. ಅಲ್ಲಿಯವರೆಗೆ ಹೆಚ್ಚು ಕಡಿಮೆ ಅರ್ಧದಷ್ಟಿದ್ದ ಭಾರತೀಯ ಮೂಲದವರು 2007ರ ಜನಗಣತಿಯ ಹೊತ್ತಿಗೆ ನೂರಕ್ಕೆ 37ಕ್ಕೆ ಇಳಿದಿದ್ದರು. ಆ ಮೊದಲ ದಂಗೆಯ ಸೈನ್ಯಾಧಿಕಾರಿ ರಂಬುಕ 2023ರ ಮೇ ತಿಂಗಳಲ್ಲಿ ಪ್ರಧಾನಿಯಾಗಿ ನಿಂತು ಕ್ಷಮೆ ಕೇಳಿದರು. ಅದೇ ವರ್ಷದಿಂದ ಗಿರ್ಮಿಟ್ ದಿನಕ್ಕೆ ಸರ್ಕಾರಿ ರಜೆ ಬಂತು. ಎರಡೂ ಕಡೆಯ ನೋವು ಇರುವ ಮನೆಗೆ ಹೋಗಿ, ಗೋಪುರದ ಮುಂದೆ ನಿಂತು ನಮ್ಮವರು ಗೆದ್ದರು ಎಂದು ಬೀಗುವುದು ಅತಿಥಿಯ ನಡತೆಯಲ್ಲ. ಈತೌಕೆಯಿ ಹಳ್ಳಿಗೆ ಹೋದರೆ ಮುಖಂಡನಿಗೆ ಯಂಗೋನ ಬೇರಿನ ಕಟ್ಟು ಒಪ್ಪಿಸಿ ಅನುಮತಿ ಕೇಳಬೇಕು. ಭುಜ, ಮೊಣಕಾಲು ಮುಚ್ಚಿರಬೇಕು, ತಲೆಗೆ ಟೋಪಿ ಸಲ್ಲದು, ಮಕ್ಕಳ ತಲೆ ಸವರಬಾರದು. ಸೀರೆಯುಟ್ಟ ನಮಗೆ ಮೊದಲೆರಡು ಕಷ್ಟವಲ್ಲ. ಮುದ್ದಾದ ಮಗು ಕಂಡರೆ ಕೈ ತಡೆದುಕೊಳ್ಳುವುದೇ ಕಷ್ಟ.

ಅಡುಗೆಯ ಮಾತಿಗೆ ಬರಲೇಬೇಕು, ಬಾರದಿದ್ದರೆ ನೀವು ಪುಟ ತಿರುಗಿಸುತ್ತೀರಿ. ವಿದೇಶ ಪ್ರವಾಸ ಎಂದರೆ ನಮ್ಮಲ್ಲಿ ಹೆಂಗಸರು ಒಂದು ತಿಂಗಳ ಮುಂಚಿನಿಂದ ಚಟ್ನಿಪುಡಿ ಕುಟ್ಟಿ, ಚಪಾತಿ ಒಣಗಿಸಿ, ಅವಲಕ್ಕಿ ಹುರಿದು ಪೊಟ್ಟಣ ಕಟ್ಟುತ್ತಾರೆ. ಅಲ್ಲಿ ಹೋಗಿ ಹೋಟೆಲಿನ ಕೆಟಲಿನಲ್ಲಿ ಉಪ್ಪಿಟ್ಟು ಕೆದಕುತ್ತಾರೆ. ಗಂಡಸರು ಸಮುದ್ರ ನೋಡುತ್ತಾರೆ. ಫಿಜಿಗೆ ಈ ಸಂಭ್ರಮ ಬೇಡವೇ ಬೇಡ. ವಿಮಾನ ನಿಲ್ದಾಣದಲ್ಲಿ ತಿಂಡಿ ತೀರ್ಥ, ಹಣ್ಣು, ಬೀಜ, ಹಾಲಿನ ಪದಾರ್ಥ ಎಲ್ಲವನ್ನೂ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ. ಯಾವ ಪೇಟೆಯಲ್ಲೂ ರೊಟ್ಟಿ, ಬೇಳೆ, ಪಲ್ಯ ಸಿಗುತ್ತದೆ. ಅದಕ್ಕಿಂತ ಮುಖ್ಯ, ಅಲ್ಲಿಯವರ ದಾಲೋ ಎಂದರೆ ನಮ್ಮ ಕೆಸುವಿನ ಗೆಡ್ಡೆಯ ನೆಂಟ. ಅದರ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದರೆ ರೌರೌ. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂಬುದು ಪತ್ರೊಡೆ ಮಾಡಿದವರಿಗೆ ಗೊತ್ತಿದೆ. ಹುಣಿಸೆಹಣ್ಣು ಹಾಕುತ್ತೀರಾ ಎಂದು ಅಲ್ಲಿಯ ಹೆಂಗಸರನ್ನು ಕೇಳಬೇಕೆಂದು ನಾನು ಬರೆದಿಟ್ಟುಕೊಂಡಿದ್ದೇನೆ. ಮರಗೆಣಸು ಬೇರೆ ಇದೆ. ಮೀನು ತಿನ್ನುವವರ ಭಾಗ್ಯವಂತೂ ಕೇಳಬೇಡಿ.

ಹಾಗಾದರೆ ಯಾವಾಗ ಹೋಗುವುದು? ಜುಲೈ ಆಗಸ್ಟಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ತಮ್ಮ ಚಳಿ ತಪ್ಪಿಸಿಕೊಳ್ಳಲು ಸಂಸಾರ ಸಮೇತ ಬರುತ್ತಾರೆ, ದರ ಏರುತ್ತದೆ. 2019ರಲ್ಲಿ ಆ ದೇಶಕ್ಕೆ ಬಂದ ಪ್ರವಾಸಿಗಳು ಸುಮಾರು 8 ಲಕ್ಷ 94 ಸಾವಿರ, ಅಲ್ಲಿಯ ಜನಸಂಖ್ಯೆಯೇ ಸುಮಾರು 9 ಲಕ್ಷ. ನಮಗೆ ಹೇಗೂ ಆಗ ಶಾಲೆ. ಮೇ ತಿಂಗಳ ನಡುವೆ ಹೋದರೆ ಗಿರ್ಮಿಟ್ ದಿನ ಸಿಗುತ್ತದೆ, ನೆಲ ಇನ್ನೂ ಹಸಿರಾಗಿರುತ್ತದೆ, ದರವೂ ಇಳಿದಿರುತ್ತದೆ. ಬೇಸಿಗೆ ರಜೆಯವರಿಗೆ ನಾನು ಹೇಳುವುದು ಇದನ್ನೇ. ನಾವು ಮಾತ್ರ ದಸರಾ ರಜೆ ಹಿಡಿದಿದ್ದೇವೆ. ರಜೆಯಲ್ಲಿ ಗಣತಿ, ಸಮೀಕ್ಷೆ ಎಂದು ಯಾರೂ ಕರೆಯದಿದ್ದರೆ. ಆಗ ಕಬ್ಬು ಕಡಿಯುತ್ತಿರುತ್ತಾರೆ, ಕಾರ್ಖಾನೆಯ ಮುಂದೆ ಲಾರಿಗಳ ಸಾಲು ನಿಂತಿರುತ್ತದೆ, ಸಣ್ಣ ಹಳಿಯ ಕಬ್ಬಿನ ರೈಲು ಓಡುತ್ತಿರುತ್ತದೆ. ಆ ಬೆಳೆಯೂ ಎಷ್ಟು ದಿನವೋ. 1990ರ ದಶಕದ ನಡುವೆ ವರ್ಷಕ್ಕೆ 40 ಲಕ್ಷ ಟನ್ ದಾಟಿದ್ದ ಕಬ್ಬು ಈಚಿನ ವರ್ಷಗಳಲ್ಲಿ 20 ಲಕ್ಷ ಟನ್ನಿಗೂ ಕೆಳಗಿಳಿದಿದೆ. ರಾಕಿರಾಕಿ ಬಳಿಯ ಪೆನಾಂಗ್ ಕಾರ್ಖಾನೆ 2016ರ ಚಂಡಮಾರುತದ ಮೇಲೆ ಮತ್ತೆ ಬಾಗಿಲು ತೆರೆಯಲಿಲ್ಲ.

ಆ ಹುಡುಗ ಹಾಕಿಕೊಟ್ಟ ಪಟ್ಟಿಯಲ್ಲಿ ನಾಂದಿಯಿಂದ ದ್ವೀಪ, ದ್ವೀಪದಿಂದ ನಾಂದಿ, ಅಷ್ಟೇ ಇತ್ತು. ನಾವು ದ್ವೀಪಕ್ಕೆ ಎರಡು ರಾತ್ರಿ ಉಳಿಸಿದ್ದೇವೆ, ಐಷಾರಾಮ ಬೇಡವೆನ್ನುವಷ್ಟು ವೈರಾಗ್ಯ ನಮಗೂ ಬಂದಿಲ್ಲ. ಸೂರ್ಯಾಸ್ತದ ದೋಣಿ ತೆಗೆಸಿದೆವು. ಲೌಟೋಕಕ್ಕೆ ಒಂದು ದಿನ. ಅಲ್ಲಿಂದ ಸುವಾಕ್ಕೆ ಸಾರಿಗೆ ಬಸ್ಸು, ನಾಲ್ಕು ಐದು ಗಂಟೆಯ ದಾರಿ, ಕಿಟಕಿಯ ಪಕ್ಕ. ಬಸ್ಸು ಎಂದದ್ದಕ್ಕೆ ಹುಡುಗ ಗಾಬರಿಯಾದ. ಮೂವತ್ತು ವರ್ಷ ಕೆಂಪು ಬಸ್ಸಿನಲ್ಲಿ ನಿಂತು ಶಾಲೆಗೆ ಹೋದವರಪ್ಪ ನಾವು ಎಂದೆ. ಸುವಾದಿಂದ ಬಸ್ಸು, ಹಡಗು ಹಿಡಿದು ಲೆವುಕಾ. ಹಳೆಯ ರಾಜಧಾನಿ, 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪುಟ್ಟ ಊರು. ಯನುಥ ಲೈಲೈ ಅದರ ಹತ್ತಿರದಲ್ಲೇ ಇದೆ. ಆಸ್ಟ್ರೇಲಿಯಾ ಮೂಲಕ ವಿಮಾನ ಹಿಡಿದರೆ ನಡುವೆ ಇಳಿಯುವುದಕ್ಕೂ ವೀಸಾ ಬೇಕಾಗುತ್ತದೆ, ಆದ್ದರಿಂದ ಸಿಂಗಾಪುರದ ದಾರಿ ನೋಡುತ್ತಿದ್ದೇವೆ.

ಇನ್ನೊಂದು ಅರ್ಧ ದಿನ ಸುವಾದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯಕ್ಕೆ. ಹಡಗು ಹತ್ತಿದ ಒಬ್ಬೊಬ್ಬರಿಗೂ ಕೊಟ್ಟ ವಲಸೆ ಪಾಸುಗಳು ಅಲ್ಲಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾವು ಇಂದೂ ತುಂಬುವ ಕಲಮುಗಳೇ ಹೆಚ್ಚು ಕಡಿಮೆ. ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಬಂದು ಹುಡುಕಿಸುತ್ತಾರೆ. ನೋಡಲು ಅನುಮತಿ ಕೇಳಿ ಪತ್ರ ಬರೆದಿದ್ದೇವೆ. ಸುವಾದಲ್ಲಿ ಅಂದು ಮಳೆ ಇದ್ದೇ ಇರುತ್ತದೆ, ಇರಲಿ. ಇದು ಒಳಗೆ ಕೂತು ಮಾಡುವ ಕೆಲಸ.